ಕಾಲ್ಗುಣ

ಪುಸ್ತಕದ ಹಿಂಬದಿಯ ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿದರೆ 'ಪೀಂ' ಅನ್ನುತ್ತದೆ. ಅಂದ ಮರುಕ್ಷಣ ಪರದೆಯ ಮೇಲೆ ಪುಸ್ತಕದ ಹೆಸರು ಮೂಡಬೇಕು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪೀಂ ಅಂದಿತು, ಹೆಸರು ಮೂಡಲಿಲ್ಲ. ಮತ್ತೊಮ್ಮೆ ಹಿಡಿದೆ. ಪೀಂ. ಮೂರನೆಯ ಸಲವೂ ಅಷ್ಟೇ. ಕೌಂಟರಿನ ಮುಂದೆ ಹತ್ತು ಹನ್ನೆರಡು ಮಕ್ಕಳು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು, ಪರೀಕ್ಷೆ ಹತ್ತಿರವಿತ್ತು. ಒಳಕೋಣೆಗೆ ಹೋಗಿ ಸರ್ವರಿನ ಪರದೆ ನೋಡಿದರೆ ಮೂಲೆಯ ಗಡಿಯಾರ 11:42ಕ್ಕೆ ನಿಂತಿತ್ತು. ಗೋಡೆಯ ಗಡಿಯಾರದಲ್ಲಿ ಆಗಲೇ ಹನ್ನೆರಡಾಗಲು ಹತ್ತು ನಿಮಿಷ. ಕೀಬೋರ್ಡಿನ ನಮ್‌ಲಾಕ್ ಒತ್ತಿದರೆ ದೀಪ ಹೊತ್ತಲಿಲ್ಲ, ಆರಲಿಲ್ಲ. ಫ್ಯಾನು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು. ಪವರ್ ಬಟನ್ನನ್ನು ಐದು ಸೆಕೆಂಡು ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚುವುದೊಂದೇ ದಾರಿ. ಹಾಗೆ ಒತ್ತಿ ಹಿಡಿಯುವಾಗ ನನಗೆ ಪ್ರತಿಸಲವೂ ಸಂಕಟವಾಗುತ್ತದೆ. ಯಾರದೋ ಬಾಯಿ ಮುಚ್ಚಿಸಿದಂತೆ.

ಸರ್ವರ್ ಎಂದು ನಾವೆಲ್ಲ ಕರೆಯುವ ಅದು ಮೂಲದಲ್ಲಿ ಒಂದು ಸಾಧಾರಣ ಡೆಸ್ಕ್‌ಟಾಪ್. ಮಲೆನಾಡಿನ ಸಣ್ಣ ಊರಿನ ಕಾಲೇಜಿನ ಬಜೆಟ್ಟಿಗೆ ಅದೇ ದೊಡ್ಡದು. ಅದರಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ನಡೆಯುತ್ತದೆ. ಕೋಹಾ ಅಂದರೆ ಮಾವೋರಿ ಭಾಷೆಯಲ್ಲಿ ಕಾಣಿಕೆ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಸೀಮೆಯ ಗ್ರಂಥಾಲಯದವರು ತಮಗಾಗಿ ಮಾಡಿಸಿಕೊಂಡು, 2000ನೇ ಇಸವಿಯ ಜನವರಿಯಲ್ಲಿ ಬಳಕೆಗೆ ತಂದು, ಆಮೇಲೆ ಲೋಕಕ್ಕೆಲ್ಲ ಬಿಟ್ಟುಕೊಟ್ಟದ್ದು. ಅಷ್ಟು ದೂರದ ದ್ವೀಪದವರು ಕೊಟ್ಟ ಕಾಣಿಕೆಯಲ್ಲಿ ನಮ್ಮ ಮಕ್ಕಳು ಕನ್ನಡದಲ್ಲಿ ಬೆರಳಚ್ಚು ಮಾಡಿ ಪುಸ್ತಕ ಹುಡುಕುತ್ತಾರೆ ಅನ್ನುವುದು ನನಗೆ ಇವತ್ತಿಗೂ ಹಿಗ್ಗು ತರುವ ಸಂಗತಿ. ಈ ಹುಡುಕಾಟ ವರ್ಷ ಕಳೆದಂತೆ ನಿಧಾನವಾಗಿತ್ತು. ಇದ್ದದ್ದು ನಾಲ್ಕು ಜಿಬಿಯ ಎರಡು ರ‍್ಯಾಮ್. ಇನ್ನೆರಡು ಹಾಕಿಸಿದರೆ ಹದಿನಾರು ಆಗುತ್ತದೆ, ಹುಡುಕಾಟ ಚುರುಕಾಗುತ್ತದೆ ಎಂದು ಬರೆದು ಪ್ರಿನ್ಸಿಪಾಲರ ಸಹಿ ಮಾಡಿಸಿದೆ. ಮೆಮೊರಿಗೆ ಸ್ಮೃತಿ, ನೆನಪು ಅಂತೆಲ್ಲ ಪುಸ್ತಕಗಳಲ್ಲಿ ಬರೆಯುತ್ತಾರೆ. ಅಂಗಡಿಯಲ್ಲಿ ನೆನಪು ಕೊಡಿ ಅಂತ ಯಾರೂ ಕೇಳುವುದಿಲ್ಲ. ರ‍್ಯಾಮ್ ಅಂತಲೇ ಕೇಳಿದೆ, ಅಂಗಡಿಯ ಹುಡುಗ ತಂದ.

ಫೆಬ್ರವರಿ ಕೊನೆಯ ಶನಿವಾರ ಅವನು ಬಂದು ಕೆಲಸ ಮಾಡಿದ ರೀತಿ ಕಣ್ಣಿಗೆ ಕಟ್ಟಿದಂತಿದೆ. ಕ್ಯಾಬಿನೆಟ್ಟಿನ ಬಾಗಿಲು ಬಿಚ್ಚಿ, ಪೇಂಟ್ ಹಚ್ಚುವ ಹೊಸ ಬ್ರಷ್ಷಿನಿಂದ ಧೂಳು ತೆಗೆದ. ಹಳೆಯ ಎರಡೂ ರ‍್ಯಾಮ್ ಹೊರಗೆ ತೆಗೆದು, ಜೇಬಿನಿಂದ ಶಾಲೆಯ ಮಕ್ಕಳ ಬಿಳಿ ರಬ್ಬರ್ ತೆಗೆದ. ರ‍್ಯಾಮಿನ ಅಂಚಿಗೆ ಸಾಲಾಗಿ ಚಿನ್ನದ ಲೇಪದ ಹಲ್ಲುಗಳಿರುತ್ತವಲ್ಲ, ಅವನ್ನು ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿದ. ಮಾಸಿದ ಹಲ್ಲುಗಳು ಮದುವೆ ಮನೆಯ ಒಡವೆಯಂತೆ ಹೊಳೆದವು. ರಬ್ಬರಿನ ಪುಡಿಯನ್ನು ಬ್ರಷ್ಷಿನಿಂದ ಕೊಡವಿದ, ಬಾಯಿಂದ ಊದಲಿಲ್ಲ. "ಊದಿದ್ರೆ ಉಗುಳಿನ ಪಸೆ ಒಳಗೆ ಹೋಗುತ್ತೆ ಸರ್" ಅಂದ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ವರ್ಷ ಇದ್ದನಂತೆ, ಅಲ್ಲಿ ಕಲಿತದ್ದು. ನಾಲ್ಕನ್ನೂ ಒಂದೊಂದಾಗಿ ಕೂರಿಸಿ, ಎರಡೂ ಹೆಬ್ಬೆರಳಿನಿಂದ ಒತ್ತಿದಾಗ ಕಟ್ ಕಟ್ ಎಂದು ಕೊಕ್ಕೆ ಬಿದ್ದ ಸದ್ದು. ಹದಿನಾರು ಜಿಬಿ ತೋರಿಸಿತು. ಹುಡುಕಾಟ ನಿಜಕ್ಕೂ ಚುರುಕಾಯಿತು. ಚಹ ಕುಡಿಸಿ ಕಳಿಸಿದೆ.

ಐದನೆಯ ದಿನ ನಾನು ಮೊದಲು ಹೇಳಿದ 11:42 ಬಂತು.

ಆಮೇಲೆ ಎರಡು ದಿನಕ್ಕೆ ಒಂದು. ಆಮೇಲೆ ಒಂಬತ್ತು ದಿನ ಏನೂ ಇಲ್ಲ, ಸರಿಹೋಯಿತು ಅಂದುಕೊಂಡೆ. ಹತ್ತನೆಯ ದಿನ ಎರಡು ಸಲ. ಒಂದು ಹಾಳೆಯನ್ನು ಕ್ಯಾಬಿನೆಟ್ಟಿನ ಮಗ್ಗುಲಿಗೆ ಅಂಟಿಸಿ, ಹ್ಯಾಂಗ್ ಆದಾಗಲೆಲ್ಲ ತಾರೀಖು, ಹೊತ್ತು ಬರೆಯತೊಡಗಿದೆವು. ಸರ್ವರಿನ ಒಳಗಿನ ದಾಖಲೆಗಳಲ್ಲಿ ಏನಾದರೂ ಸುಳಿವು ಸಿಗುತ್ತದೆಯೇ ಎಂದು ಹುಡುಕಿದರೆ 11:40ರವರೆಗೆ ಎಲ್ಲ ಸರಿಯಾಗಿ ಬರೆದುಕೊಂಡಿದೆ, ಅದರ ಮುಂದಿನ ಸಾಲೇ ನಾನು ಮತ್ತೆ ಹಚ್ಚಿದ್ದು. ನಡುವೆ ಖಾಲಿ. ಎಚ್ಚರ ತಪ್ಪಿ ಬಿದ್ದವನನ್ನು ಎಬ್ಬಿಸಿ ಎಂತ ಆಯ್ತು ಎಂದು ಕೇಳಿದರೆ ಅವನಾದರೂ ಏನು ಹೇಳಿಯಾನು?

ಊರಿಗೆಲ್ಲ ಒಂದೊಂದು ಕಾರಣ ಹೊಳೆಯಿತು. ಕರೆಂಟು ಡಿಮ್ ಆಗುತ್ತದೆ ಎಂದರು ಒಬ್ಬರು. ಯುಪಿಎಸ್ ಬ್ಯಾಟರಿ ಎಂದರು ಮತ್ತೊಬ್ಬರು. ಒಳಗೆ ಹಲ್ಲಿ ಸೇರಿರಬೇಕೆಂದು ಅಟೆಂಡರ್ ಟಾರ್ಚ್ ಹಿಡಿದು ನೋಡಿದ. ಎಲ್ಲರ ಮಾತೂ ಕೊನೆಗೆ ಒಂದೇ ಕಡೆಗೆ ಬಂದು ನಿಲ್ಲುತ್ತಿತ್ತು: "ಮೊದಲು ಹಿಂಗೆ ಆಗ್ತಿತ್ತಾ ಸರ್? ಇಲ್ಲ ತಾನೆ. ಆ ಹೊಸ ರ‍್ಯಾಮ್ ಹಾಕಿದ ಮೇಲೇ ಅಲ್ವಾ?" ಹೌದಲ್ಲ ಎಂದು ನನಗೂ ಅನ್ನಿಸಿತು. ಹಾಳೆಯ ನೆತ್ತಿಯಲ್ಲಿ ಕೆಂಪು ಪೆನ್ನಿನಲ್ಲಿ 'ಹೊಸ ರ‍್ಯಾಮ್ ಸರಿಯಿಲ್ಲ' ಎಂದು ಬರೆದು ಅಡಿಗೆರೆ ಎಳೆದೆ. ಅಂಗಡಿಯ ಹುಡುಗನಿಗೆ ಫೋನ್ ಮಾಡಿ, ಎಂಥ ಮಾಲು ಕೊಟ್ಟೆ ತಮ್ಮಾ ಎಂದು ಗದರಿದೆ. ಅವನು ಬದಲಿಸಿಕೊಡುತ್ತೇನೆ ಸರ್ ಎಂದ ದನಿ ಬಹಳ ಸಣ್ಣದಾಗಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ, ನಲವತ್ತು ವರ್ಷದ ಹಿಂದಿನ ಒಂದು ಸದ್ದು ಕಿವಿಗೆ ಬಂತು. ಮಜ್ಜಿಗೆ ಕಡೆಯುವ ಸದ್ದು.

ನಮ್ಮದು ಅಡಿಕೆ ತೋಟದ ಮನೆ. ನನ್ನ ಚಿಕ್ಕಪ್ಪನ ಮದುವೆ ವೈಶಾಖದಲ್ಲಿ ಆಯಿತು. ಚಿಕ್ಕಮ್ಮ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಿನಿಂದ ಒಳಕ್ಕೆ ಉರುಳಿಸಿ ಬಂದದ್ದನ್ನು ನಾನು ಕಂಬ ತಬ್ಬಿ ನಿಂತು ನೋಡಿದ್ದೆ. ಜ್ಯೇಷ್ಠದಲ್ಲಿ ಗಬ್ಬದ ಹಸು ಸತ್ತಿತು. ಶ್ರಾವಣದ ಹೊತ್ತಿಗೆ ತೋಟಕ್ಕೆ ಕೊಳೆ ಹಿಡಿಯಿತು. ಬೆಳಗಾದರೆ ಮರದ ಬುಡದಲ್ಲಿ ಎಳೆಯ ಅಡಿಕೆ ಹಸಿರು ಹಸಿರಾಗಿ ಉದುರಿ ಬಿದ್ದಿರುತ್ತಿತ್ತು. ಕೈಗೆತ್ತಿಕೊಂಡರೆ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ, ಅದರ ಮೇಲೆ ಬೂದಿಯಂಥ ಬಿಳಿ. ಒಂದು ಸಂಜೆ ಜಗುಲಿಯಲ್ಲಿ ಕೂತಿದ್ದ ಅಜ್ಜಿ ನೆರೆಮನೆಯವರೊಡನೆ "ಎಲ್ಲ ಅವಳ ಕಾಲ್ಗುಣ" ಅಂದಳು. ದನಿ ತಗ್ಗಿಸಿ ಅನ್ನಲಿಲ್ಲ. ಒಳಗೆ ಚಿಕ್ಕಮ್ಮ ಮಜ್ಜಿಗೆ ಕಡೆಯುತ್ತಿದ್ದಳು. ಕಡಗೋಲಿನ ಸದ್ದು ನಿಂತಿತು. ನಾನು ಮೂರು ನಾಲ್ಕು ಉಸಿರು ಎಣಿಸುವಷ್ಟು ಹೊತ್ತು ನಿಂತಿತ್ತು. ಆಮೇಲೆ ಮೊದಲಿನದೇ ಲಯದಲ್ಲಿ ಮತ್ತೆ ಹೊರಟಿತು.

ಕೊಳೆ ಯಾಕೆ ಬಂತು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ವರ್ಷ ಅಜ್ಜ ಹಾಸಿಗೆ ಹಿಡಿದಿದ್ದರಿಂದ ಮಳೆ ಹಿಡಿಯುವ ಮುಂಚೆ ಅಡಿಕೆಯ ಕೊನೆಗಳಿಗೆ ಮದ್ದು ಹೊಡೆಸಿರಲಿಲ್ಲ. ಮೈಲುತುತ್ತ, ಸುಣ್ಣ ಎರಡೂ ಅಟ್ಟದಲ್ಲೇ ಇದ್ದವು. ಈ ರೋಗ ಮಳೆಯ ಜೊತೆ ಬರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯದು ಎಂದು ಕಂಡುಕೊಂಡವರು ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್. ಅವರ ವರದಿ ಪ್ರಕಟವಾದದ್ದು 1910ರಲ್ಲಿ. ನಮ್ಮ ಮಲೆನಾಡಿನ ಸುರಿಮಳೆಯಲ್ಲಿ ತೋಟ ತೋಟ ತಿರುಗಿ, ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಮಳೆಗೆ ಮುಂಚೆ ಮೈಲುತುತ್ತ, ಸುಣ್ಣದ ಆ ಬೋರ್ಡೋ ದ್ರಾವಣ ಹೊಡೆಯಿರಿ ಎಂದು ಬೆಳೆಗಾರರಿಗೆ ಹೇಳಿಕೊಟ್ಟ ಮನುಷ್ಯ. ಅಡಿಕೆ ಬೆಳೆದು ಉಣ್ಣುವ ಪ್ರತಿಯೊಂದು ಮನೆಯೂ ಅವರನ್ನು ನೆನೆಯಬೇಕು. ಅವರು ಅಷ್ಟು ಮಾಡಿಟ್ಟು ಎಷ್ಟೋ ವರ್ಷವಾದ ಮೇಲೂ ನಮ್ಮ ಮನೆಯಲ್ಲಿ ಕೊಳೆಯ ಕಾರಣ ಚಿಕ್ಕಮ್ಮನ ಪಾದದಲ್ಲಿತ್ತು.

ನಾನು ಬರೆದ ಕೆಂಪಕ್ಷರ ಅವತ್ತು ರಾತ್ರಿ ನಿದ್ದೆ ಕೆಡಿಸಿತು. ಪರೀಕ್ಷೆ ಮಾಡದೆ ಬರೆದಿದ್ದೆ.

ಬೆಂಗಳೂರಿನಲ್ಲಿರುವ ಸ್ನೇಹಿತನಿಗೆ ಫೋನ್ ಮಾಡಿದೆ. ಅವನು ದೊಡ್ಡ ದೊಡ್ಡ ಸರ್ವರುಗಳ ನಡುವೆಯೇ ಇರುವವನು. "ನಿಮ್ಮ ರ‍್ಯಾಮಿನಲ್ಲಿ ಚಿಪ್ ಎಷ್ಟಿವೆ ಎಣಿಸು" ಅಂದ. ಒಂದು ಸಾಲಿನಲ್ಲಿ ಎಂಟಿದ್ದವು. ನಿಜವಾದ ಸರ್ವರಿನದಾದರೆ ಒಂಬತ್ತಿರುತ್ತವಂತೆ. ಅರವತ್ತನಾಲ್ಕು ಬಿಟ್‌ಗಳಿಗೆ ಎಂಟು ಬಿಟ್ ಕಾವಲು. ಒಂದು ಬಿಟ್ ತಿರುಗಿಬಿದ್ದರೆ ಆ ಒಂಬತ್ತನೆಯದರ ನೆರವಿನಿಂದ ಯಂತ್ರವೇ ತಿದ್ದಿ, ತಿದ್ದಿದೆನೆಂದು ಬರೆದೂ ಇಡುತ್ತದೆ. ನಮ್ಮದಕ್ಕೆ ಕಾವಲಿಲ್ಲ. ಹಾಗಾದರೆ ಬಿಟ್ ಯಾಕೆ ತಿರುಗಿಬೀಳುತ್ತದೆ ಎಂದರೆ ಅವನು ಆಕಾಶದ ಮಾತೆತ್ತಿದ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಚೆಲ್ಲುವ ನ್ಯೂಟ್ರಾನುಗಳು ಚಿಪ್ಪಿಗೆ ತಾಗಿ ಹಾಗಾಗುವುದುಂಟಂತೆ. 2003ರಲ್ಲಿ ಬೆಲ್ಜಿಯಮ್ಮಿನ ಸ್ಕಾರ್ಬೇಕ್ ಎಂಬಲ್ಲಿ ಮತ ಎಣಿಸುವಾಗ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಹೆಚ್ಚಾಗಿ ಬಂದಿತ್ತು. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4096. ಒಂದೇ ಒಂದು ಬಿಟ್ ತಿರುಗಿದರೆ ಬರುವ ಲೆಕ್ಕ. ವಿಶ್ವಕಿರಣವೇ ಇರಬೇಕೆಂದು ಊಹಿಸಿದರು.

ಈ ಮಾತು ಕೇಳಿದಾಗ ನನಗೆ ಕೋಲಾರದ ಚಿನ್ನದ ಗಣಿ ನೆನಪಾಯಿತು. ಒಮ್ಮೆ ಅಲ್ಲಿಗೆ ಹೋಗಿದ್ದೆ, ಗಣಿ ಮುಚ್ಚಿದ ಮೇಲೆ. ಚಿನ್ನ ತೆಗೆದುಳಿದ ಮಣ್ಣಿನ ಬೂದುಬಣ್ಣದ ಗುಡ್ಡಗಳು ಬಿಸಿಲಿಗೆ ಕಣ್ಣು ಕೋರೈಸುತ್ತಿದ್ದವು. ಆ ನೆಲದ ಕೆಳಗೆ ವಿಶ್ವಕಿರಣಗಳನ್ನು ಅಳೆಯಲು ವಿಜ್ಞಾನಿಗಳು ಇಳಿದಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರನ್ನು ಹೋಮಿ ಭಾಭಾ 1951ರಲ್ಲಿ ಅಲ್ಲಿಗೆ ಕಳಿಸಿದರು. ಆಳಕ್ಕೆ ಹೋದಷ್ಟೂ ಕಿರಣಗಳು ವಿರಳವಾಗುತ್ತವೆ. ಮೇಲಿನ ಕಲ್ಲೆಲ್ಲ ಸೋಸಿಬಿಡುತ್ತದೆ. 1965ರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಬಂಡೆಯ ಶಾಖದಲ್ಲಿ ಬೆವರುತ್ತ, ಗದ್ದಲವೆಲ್ಲ ಅಡಗಿದ ಆ ಕತ್ತಲಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ಒಂದು ಸಣ್ಣ ಸುಳಿವು ಕೇಳಿಸಬೇಕಾದರೆ ಎಷ್ಟು ಕೆಳಗೆ ಇಳಿಯಬೇಕಾಯಿತು ಅವರಿಗೆ! ನಾನು ನನ್ನ ಕ್ಯಾಬಿನೆಟ್ಟಿನ ಬಾಗಿಲನ್ನೂ ಸರಿಯಾಗಿ ತೆಗೆದು ನೋಡಿರಲಿಲ್ಲ.

ಸ್ನೇಹಿತನೇ ಮೆಮ್‌ಟೆಸ್ಟ್ ಓಡಿಸಲು ಹೇಳಿದ. ಕ್ರಿಸ್ ಬ್ರೇಡಿ ಎಂಬವರು 1994ರಲ್ಲಿ ಬರೆದದ್ದರ ಕವಲು ಅದು. ಬೇರೆ ಎಲ್ಲವನ್ನೂ ಬದಿಗಿಟ್ಟು ರ‍್ಯಾಮಿನ ಪ್ರತಿ ಕೋಶಕ್ಕೂ ಸೊನ್ನೆ ಬರೆದು, ಓದಿ, ಒಂದು ಬರೆದು, ಓದಿ, ಕೊಟ್ಟದ್ದೇ ವಾಪಸ್ ಬರುತ್ತದೆಯೇ ಎಂದು ಪರೀಕ್ಷಿಸುತ್ತದೆ. ಮಕ್ಕಳಿಗೆ ತೊಂದರೆಯಾಗದಿರಲೆಂದು ಸಂಜೆ ಏಳಕ್ಕೆ ಹಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ನೀಲಿ ಪರದೆಯ ಮೇಲೆ ಎಂಟು ಸುತ್ತು ಮುಗಿದಿತ್ತು, ತಪ್ಪು ಸೊನ್ನೆ. ಮರುರಾತ್ರಿಯೂ ಸೊನ್ನೆ. ರ‍್ಯಾಮಿನದೇನೂ ತಪ್ಪಿಲ್ಲ ಎಂದುಕೊಂಡು ಯುಪಿಎಸ್ ಕಡೆ ತಿರುಗಬೇಕೆಂದಿದ್ದೆ. ಅವತ್ತು ಮಧ್ಯಾಹ್ನ ಎರಡೂಕಾಲಿಗೆ ಮತ್ತೆ ಹ್ಯಾಂಗ್ ಆಯಿತು. ಹಾಳೆಯಲ್ಲಿ ತಾರೀಖು ಬರೆಯುತ್ತಿದ್ದ ಅಟೆಂಡರ್ ಪೆನ್ನು ಹಿಡಿದೇ ನಿಂತ. "ಸರ್, ಇದು ರಾತ್ರಿ ಒಂದು ಸಲಾನೂ ಆಗಿಲ್ಲ ನೋಡಿ. ಎಲ್ಲ ಹನ್ನೊಂದೂವರೆಯಿಂದ ಮೂರೂವರೆ ಒಳಗೇ."

ನಾನು ಆ ಹಾಳೆಯನ್ನು ದಿನಕ್ಕೆ ಹತ್ತು ಸಲ ನೋಡಿದ್ದೆ. ಅವನು ಓದಿದ್ದ.

ನಮ್ಮ ಮನೆಯ ಬಾಗಿಲ ಮಗ್ಗುಲ ಗೋಡೆಯ ಮೇಲೂ ಹೀಗೇ ತಾರೀಖುಗಳಿರುತ್ತಿದ್ದವು. ಮಲೇರಿಯಾದವರು ಬಂದು ಹೋದ ತಾರೀಖು. ಖಾಕಿ ಅಂಗಿ, ಸೈಕಲ್ಲು, ಚೀಲದಲ್ಲಿ ಗಾಜಿನ ಪಟ್ಟಿಗಳು. ಚಳಿಜ್ವರ ದಿನ ಬಿಟ್ಟು ದಿನ ಬರುತ್ತಿದ್ದ ಕಾಲ; ಜ್ವರ ಬಿಟ್ಟ ದಿನ ನಾವು ಗಟ್ಟಿಯಾಗಿಯೇ ಇರುತ್ತಿದ್ದೆವು, ತೋಟಕ್ಕೂ ಓಡುತ್ತಿದ್ದೆವು. ಆತ ಬೆರಳು ಚುಚ್ಚಿ ರಕ್ತ ತೆಗೆಯುವಾಗ ಅಮ್ಮನಿಗೆ ಪ್ರತಿಸಲ ಅದನ್ನೇ ಹೇಳುತ್ತಿದ್ದ: "ಜ್ವರ ಏರಿದಾಗ ಕರೆಸಿ ಅಮ್ಮಾ. ಇಳಿದ ಮೇಲೆ ತೆಗೆದ್ರೆ ಕಾಣದೇ ಹೋಗಬಹುದು." ಅಮ್ಮ ನನ್ನನ್ನು ಕಂಬಳಿ ಹೊದಿಸಿ ಕೂರಿಸಿ ಅಪ್ಪನನ್ನು ಅವನ ಹಿಂದೆ ಓಡಿಸಿದ್ದು ನೆನಪಿದೆ.

ಸರ್ವರಿಗೂ ಜ್ವರ ಏರುವ ಹೊತ್ತಿಗೇ ನೋಡೋಣವೆಂದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಗ್ರಂಥಾಲಯದ ಬೀಗ ತೆಗೆದೆವು. ಕಿಟಕಿ ಮುಚ್ಚಿದ್ದು ಮುಚ್ಚಿದ ಹಾಗೇ, ಕ್ಯಾಬಿನೆಟ್ಟಿನ ಬಾಗಿಲು ಹಾಕಿದ ಹಾಗೇ, ಸೀಲಿಂಗ್ ಫ್ಯಾನು ಹಾಕದೆ, ಮೆಮ್‌ಟೆಸ್ಟ್ ಹಚ್ಚಿ ಇಬ್ಬರೂ ಎದುರು ಕೂತೆವು. ಹೆಂಚು ಕಾದು ಒಳಗೆ ಸೆಕೆ. ಒಂದು ಸುತ್ತು ಮುಗಿಯಿತು, ಏನೂ ಇಲ್ಲ. ಅಟೆಂಡರ್ ಮನೆಯಿಂದ ತಂದ ಮಜ್ಜಿಗೆ ಕುಡಿದೆವು. ಎರಡು ಇಪ್ಪತ್ತಕ್ಕೆ ನೀಲಿಯ ಮೇಲೆ ಒಂದು ಕೆಂಪು ಸಾಲು ಮೂಡಿತು.

ಎದ್ದು ಹತ್ತಿರ ಹೋಗಿ ನೋಡಿದೆ. ಬರೆದದ್ದು ಇದು, ಓದಿದಾಗ ಸಿಕ್ಕಿದ್ದು ಇದು ಎಂದು ಎರಡು ಸಂಖ್ಯೆ. ಮೊದಲನೆಯದರಲ್ಲಿ ಸಾಲಾಗಿ ಎಂಟು 'ಎಫ್'. ಎರಡನೆಯದರಲ್ಲಿ ಏಳು 'ಎಫ್', ಒಂದು 'ಬಿ'. ಆ ಲೆಕ್ಕದಲ್ಲಿ ಎಫ್ ಅಂದರೆ ನಾಲ್ಕು ಒಂದುಗಳು. ಬಿ ಅಂದರೆ ಅದರಲ್ಲಿ ಎರಡನೆಯ ಒಂದು ಸೊನ್ನೆಯಾಗಿದೆ. ಅಷ್ಟೇ. ನಾಲ್ಕು ಜಿಬಿಯ ಒಂದು ಪಟ್ಟಿಯಲ್ಲಿ ಮೂರು ಸಾವಿರದ ನಾನೂರು ಕೋಟಿಗೂ ಹೆಚ್ಚು ಇಂಥ ಕೋಶಗಳಿವೆ. ಅದರಲ್ಲಿ ಒಂದು. ಮುಂದಿನ ಸುತ್ತಿನಲ್ಲಿ ಮತ್ತೆ ಅದೇ ವಿಳಾಸ, ಅದೇ ಬಿ. ಆಕಾಶದಿಂದ ಬಂದದ್ದಾಗಿದ್ದರೆ ಅದೇ ಮನೆಯ ಅದೇ ಹೆಂಚಿಗೆ ಎರಡು ಸಲ ಬೀಳುತ್ತಿರಲಿಲ್ಲ.

ಈ ಕೋಶದ ವಿಚಾರ ನನ್ನನ್ನು ಬಹಳ ದಿನ ಹಿಡಿದಿಟ್ಟಿತು. 1966ರಲ್ಲಿ ಐಬಿಎಮ್ಮಿನ ರಾಬರ್ಟ್ ಡೆನ್ನಾರ್ಡ್ ಅವರಿಗೆ ಹೊಳೆದ ಉಪಾಯ ಅದು: ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ವಿದ್ಯುತ್ತು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಆದರೆ ತುಂಬಿದ್ದು ನಿಲ್ಲುವುದಿಲ್ಲ, ಸೋರುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ಕೋಶವನ್ನೂ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬಿಸುತ್ತಾರೆ, ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು. ಬೇಸಿಗೆಯಲ್ಲಿ ಸೋರುವ ಕೊಡ ಹೊತ್ತು ಬಾವಿಗೂ ಮನೆಗೂ ತಿರುಗುವ ಕೆಲಸ. ಶಾಖ ಹೆಚ್ಚಿದಷ್ಟೂ ಸೋರುವುದು ಹೆಚ್ಚು. ರಾತ್ರಿಯ ತಂಪಿನಲ್ಲಿ ನಮ್ಮ ಆ ಒಂದು ಕೋಶ ಹೇಗೋ ಮುಂದಿನ ಸರದಿಯವರೆಗೆ ಹಿಡಿದುಕೊಂಡಿರುತ್ತಿತ್ತು, ಮಧ್ಯಾಹ್ನದಲ್ಲಿ ಆಗುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಯಾವುದಾದರೂ ಮುಖ್ಯವಾದ ಮಾತು ಅಲ್ಲಿದ್ದರೆ ಇಡೀ ಯಂತ್ರ ನಿಲ್ಲುತ್ತಿತ್ತು. ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಯಾವ ಪಟ್ಟಿ ಎನ್ನುವುದು ಉಳಿದಿತ್ತು. ಯುಗಾದಿಯ ರಜೆಯಲ್ಲಿ ಹೊಸವೆರಡನ್ನು ಮಾತ್ರ ಇಟ್ಟು ಅದೇ ಸೆಕೆಯಲ್ಲಿ ಓಡಿಸಿದೆ. ಸಂಜೆಯವರೆಗೆ ಕೆಂಪು ಇಲ್ಲ. ಮರುದಿನ ಅವುಗಳ ಜೊತೆಗೆ ಹಳೆಯದೊಂದು ಸೇರಿಸಿದೆ. ಇಲ್ಲ. ಅದನ್ನು ತೆಗೆದು ಇನ್ನೊಂದು ಹಳೆಯದನ್ನು ಅವೆರಡರ ನಡುವೆ ಕೂರಿಸಿದೆ. ಒಂದೂವರೆ ಗಂಟೆಗೆ ಕೆಂಪು ಬಂತು. ಏಳು ವರ್ಷದಿಂದ ಸರ್ವರಿನ ಒಳಗಿದ್ದದ್ದು. ಅದೇ ಪಟ್ಟಿಯನ್ನು ಅಂಚಿನ ಖಾನೆಗೆ ಹಾಕಿದರೆ ಸುಮ್ಮನಿತ್ತು. ಮೊದಲು ಅದು ಅಂಚಿನಲ್ಲೇ ಇದ್ದಿರಬೇಕು, ಒಂದು ಮಗ್ಗುಲಿಗೆ ಗಾಳಿ ಸಿಗುತ್ತಿತ್ತು. ರಬ್ಬರಿನಿಂದ ಉಜ್ಜಿ ವಾಪಸ್ ಕೂರಿಸುವಾಗ ನಡುವಿನ ಖಾನೆಗೆ ಬಂದು, ಎರಡೂ ಕಡೆಯ ಶಾಖ ತಾಗಿ, ಮೊದಲೇ ಇದ್ದ ದೌರ್ಬಲ್ಯ ಹೊರಬಿತ್ತು ಎಂದು ನನಗನ್ನಿಸುತ್ತದೆ. ಅದನ್ನು ತೆಗೆದು ಕಾಗದದಲ್ಲಿ ಸುತ್ತಿ ಮೇಜಿನ ಡ್ರಾಯರಿಗೆ ಹಾಕಿದೆ. ಈಗ ಹನ್ನೆರಡು ಜಿಬಿಯಲ್ಲಿ ನಡೆಯುತ್ತಿದೆ. ಏಪ್ರಿಲ್ ಪೂರ್ತಿ ಒಂದು ಸಲವೂ ನಿಲ್ಲಲಿಲ್ಲ.

ಮೇ ತಿಂಗಳಲ್ಲಿ ಊರಿಗೆ ಹೋದೆ. ಚಿಕ್ಕಮ್ಮನಿಗೆ ಈಗ ಅರವತ್ತು ದಾಟಿದೆ. ಹಿತ್ತಿಲ ಕಟ್ಟೆಯ ಮೇಲೆ ಹಲಸಿನ ಸೊಳೆ ಬಿಡಿಸುತ್ತಿದ್ದಳು. ಕೈಗೆ ಎಣ್ಣೆ, ಮೇಣ. ನಾನೂ ಪಕ್ಕದಲ್ಲಿ ಕೂತು ಈ ಕಥೆಯನ್ನೆಲ್ಲ ಹೇಳಿದೆ. ಅವಳಿಗೆ ಅರ್ಥವಾಗುವಂತೆ ಕೊಡ, ಬಾವಿ ಎಲ್ಲ ತಂದು ಹೇಳಿದೆ. ಅಜ್ಜಿಯ ಮಾತು ಎತ್ತಲಿಲ್ಲ. ಅವಳು ಕೇಳಿಸಿಕೊಳ್ಳುತ್ತ ಸೊಳೆಯಿಂದ ಬೀಜ ತೆಗೆದು ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ಮುಗಿದ ಮೇಲೆ ಕೇಳಿದಳು.

"ಹಂಗಾದ್ರೆ ಹೊಸದರದ್ದು ಎಂತ ತಪ್ಪೂ ಇರ್ಲಿಲ್ಲ?"

"ಇರ್ಲಿಲ್ಲ ಚಿಕ್ಕಮ್ಮ."

"ಅದನ್ನ ಅಲ್ಲಿ ಇದ್ದೋರಿಗೆಲ್ಲ ಹೇಳಿದ್ಯನಾ?"

ಅವಳ ಕೈ ನಿಂತಿತ್ತು.

ರಜೆ ಮುಗಿಸಿ ಹೋದ ದಿನ ಕ್ಯಾಬಿನೆಟ್ಟಿನ ಮಗ್ಗುಲ ಹಾಳೆಯ ಮುಂದೆ ನಿಂತೆ. ನೆತ್ತಿಯ ಕೆಂಪು ಸಾಲನ್ನು ಹೊಡೆದುಹಾಕಿ, ಕೆಳಗೆ 'ಹೊಸ ರ‍್ಯಾಮ್ ಸರಿಯಾಗಿದೆ' ಎಂದು ಬರೆದು ತಾರೀಖು ಹಾಕಿದೆ. ಅಟೆಂಡರನನ್ನು ಕರೆದು ತೋರಿಸಿದೆ, ಕೌಂಟರಿನವರಿಗೆ ಹೇಳಿದೆ. ಆಮೇಲೆ ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. ನನ್ನ ದನಿ ಕೇಳಿದ ಕೂಡಲೇ ಅವನು, "ಸರ್, ಬೇರೆ ಸ್ಟಾಕ್ ಬಂದಿದೆ, ನಾಳೆಯೇ ಬಂದು ಬದಲಿಸಿಕೊಡ್ತೀನಿ" ಅಂದ.

"ಬೇಡ ತಮ್ಮಾ. ನೀನು ಕೊಟ್ಟದ್ದು ಚೆನ್ನಾಗಿದೆ. ಅದನ್ನ ಹೇಳೋಕೆ ಮಾಡಿದೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಅಂಗಡಿಯ ಸದ್ದು ಮಾತ್ರ ಕೇಳುತ್ತಿತ್ತು. ಯಾರೋ ಪೆಟ್ಟಿಗೆ ಬಿಚ್ಚುತ್ತಿದ್ದರು.